ಗಾಜಿನ ಒಳಮೈಯ ಹೆಬ್ಬೆಟ್ಟು

ಮೆಟ್ಟಿಲು ಹತ್ತುತ್ತಿದ್ದ ಹಾಗೆಯೇ ಭಾನುಪ್ರಕಾಶನಿಗೆ ಮೇಲಿನ ರೂಮಿನಲ್ಲಿ ಯಾರೋ ಕೂತಿದ್ದಾರೆ ಅನ್ನಿಸಿತು. ಹಾಗನ್ನಿಸುವುದಕ್ಕೆ ಕಾರಣ ಏನೂ ಇರಲಿಲ್ಲ. ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಅದರ ಒಂದೇ ಒಂದು ಕೀಲಿ ಅವನ ಉಡಿದಾರದಲ್ಲೇ ಇತ್ತು. ಕೆಳಗೆ ಅವನ ಹೆಂಡತಿ ವೇಣಿ ಹೊಲಿಗೆ ಮೆಷೀನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದವಳು, ಅವನು ತಿಂಡಿ ತಟ್ಟೆ ಇಟ್ಟು ಎದ್ದದ್ದೇ, “ಮತ್ತೆ ಮೇಲಕ್ಕಾ?” ಅಂದಿದ್ದಳು. ಆ ‘ಮತ್ತೆ’ ಅನ್ನುವ ಮಾತು ಅವನಿಗೆ ಸರಿಯಾಗಿ ಚುಚ್ಚಿತ್ತು. ಮತ್ತೆ ಅಂದರೆ? ಮನುಷ್ಯ ಮೂರು ನಾಲ್ಕು ದಿನದಿಂದ ಮೇಲೆ ಕಾಲಿಟ್ಟಿಲ್ಲ, ಇವಳಿಗೆ ಮತ್ತೆಯಂತೆ ಮತ್ತೆ. ರಿಟೈರಾದ ಗಂಡಸು ಮನೆಯಲ್ಲಿ ಉಸಿರಾಡಿದರೂ ಹೆಂಗಸರಿಗೆ ಅದೊಂದು ಲೆಕ್ಕ. ಈಗ ಬಾಗಿಲ ಮುಂದೆ ನಿಂತು, ಬೀಗಕ್ಕೆ ಕೈ ಹಾಕುವ ಮುಂಚೆ, ಕಿವಿಗೊಟ್ಟ. ಒಳಗೆ ಸ್ಟೂಲು ಸರಿದ ಸದ್ದು ಕೇಳಿಸುತ್ತದೆ ಅಂತ ಕಾದ. ಕೇಳಿಸಲಿಲ್ಲ. ಮೆಟ್ರೋ ರೈಲೊಂದು ಕಾಡುಗೋಡಿಯ ಕೊನೆಯ ಸ್ಟೇಷನ್ನಿಗೆ ಬಂದು ನಿಲ್ಲುತ್ತಾ ಎಳೆದ ರಾಗ ಮಾತ್ರ ಕೇಳಿಸಿತು. ಥೂ, ನನ್ನ ಮನೆಯ ನನ್ನ ರೂಮಿಗೆ ನಾನೇ ಕಳ್ಳನ ಹಾಗೆ ನಿಂತಿದ್ದೀನಲ್ಲ ಅಂದುಕೊಂಡು ಬೀಗ ತೆಗೆದ.

ಒಳಗೆ ಯಾರೂ ಇರಲಿಲ್ಲ. ಗೋಡೆಯುದ್ದದ ಹಲಗೆಯ ಮೇಲೆ ಅವನ ವಿಮಾನಗಳು ಸಾಲಾಗಿ ಕೂತಿದ್ದವು. ಯಾರಿಗೂ ಬೇಡವಾದ ವಿಮಾನಗಳು ಅವು. ದೋಸೆಯ ಹಾಗೆ ಗುಂಡಗೆ ಚಪ್ಪಟೆ ಮೈಯಿದ್ದದ್ದು. ಒಂಬತ್ತು ರೆಕ್ಕೆ ಹೊತ್ತುಕೊಂಡು ನೀರಿನಿಂದ ಎದ್ದು, ಇನ್ನೇನು ಹಾರಿತು ಅನ್ನುವಷ್ಟರಲ್ಲಿ ಮತ್ತೆ ನೀರಿಗೇ ಬಿದ್ದು ಮುರಿದದ್ದು. ಬಾಲ ಮುಂದೆ ಮೂತಿ ಹಿಂದೆ ಅನ್ನಿಸುವಂಥದ್ದು. ಅಂಗಡಿಯಲ್ಲಿ ಡಬ್ಬಿ ಕೊಂಡು, ಒಳಗಿನ ತುಂಡುಗಳನ್ನು ಚಿತ್ರ ನೋಡಿಕೊಂಡು ಅಂಟಿಸಿ, ನಾನೇ ಮಾಡಿದೆ ಅಂತ ಬೀಗುವವರನ್ನು ಕಂಡರೆ ಅವನಿಗೆ ತಾತ್ಸಾರ. ಅವನದು ಎಲ್ಲವೂ ಕೈಯದೇ. ಬೋರ್ಡು ಬರೆಯುವ ಅಂಗಡಿಯವರು ಬಿಸಾಕುವ ಪ್ಲಾಸ್ಟಿಕ್ ಹಾಳೆ ಕೊರೆದು ರೆಕ್ಕೆ, ಚನ್ನಪಟ್ಟಣದಿಂದ ತಂದ ಹಾಲೆಮರ ಕೆತ್ತಿ ಅಚ್ಚು, ಆ ಅಚ್ಚಿನ ಮೇಲೆ ಸ್ವೀಟ್ ಬಾಕ್ಸಿನ ಪಾರದರ್ಶಕ ಮುಚ್ಚಳವನ್ನು ಸ್ಟವ್ ಮೇಲೆ ಕಾಯಿಸಿ ಎಳೆದು ಕೂರಿಸಿದರೆ ಗಾಜು. ಅಸಲು ಗಾಜಲ್ಲ, ಆದರೂ ಅವನು ಗಾಜು ಅಂತಲೇ ಅನ್ನುತ್ತಿದ್ದ. ಯಾವುದರೊಳಗೂ ಪೈಲಟ್ಟಿನ ಗೊಂಬೆ ಇರುತ್ತಿರಲಿಲ್ಲ. ಸೀಟು ಇರುತ್ತದೆ, ಹಿಡಿ ಇರುತ್ತದೆ, ಮನುಷ್ಯ ಇಲ್ಲ. ಗೊಂಬೆ ಇಟ್ಟರೆ ಅದು ಆಟಿಕೆ ಆಗಿಬಿಡುತ್ತದೆ ಅಂತ ಅವನ ವಾದ. “ಯಾರೂ ಇಲ್ದೇ ಇರೋ ಸೀಟು ನೋಡಿದ್ರೆ ನಂಗೆ ಒಂಥರಾ ಆಗತ್ತೆ ಕಣ್ರೀ, ಎದ್ದೋದೋರು ಈಗ ಬರ್ತಾರೆ ಅನ್ನೋ ಹಾಗೆ,” ಅಂತ ವೇಣಿ ಒಂದು ಸಲ ಅಂದಿದ್ದಳು. ಆಮೇಲೆ ಅವಳು ಈ ರೂಮಿಗೆ ಬರುವುದನ್ನೇ ಕಡಿಮೆ ಮಾಡಿದಳು.

ಮೇಜಿನ ಮೇಲೆ ಈಗ ಇದ್ದದ್ದು ಎಲ್ಲಕ್ಕಿಂತ ವಿಚಿತ್ರದ್ದು. ಎರಡನೇ ಮಹಾಯುದ್ಧದ ಕಾಲದ ಒಂದು ಜರ್ಮನ್ ಬೇಹು ವಿಮಾನ. ಇಂಜಿನ್ನು ಹೊತ್ತ ಕೊಳವೆಯಂಥ ಮೈ ಒಂದು ಕಡೆ, ಜನ ಕೂರುವ ಗಾಜಿನ ಗೂಡು ರೆಕ್ಕೆಯ ಮೇಲೆ ಇನ್ನೊಂದು ಕಡೆ, ನಡುವೆ ಖಾಲಿ. ಎಡಕ್ಕೂ ಬಲಕ್ಕೂ ಸಂಬಂಧವೇ ಇಲ್ಲ. ನೋಡಿದವರು ಇದು ಹಾರುವುದುಂಟೇ ಅನ್ನುತ್ತಾರೆ, ಅದು ನೆಟ್ಟಗೇ ಹಾರುತ್ತಿತ್ತಂತೆ. ಅಸಲಿನ ಇಪ್ಪತ್ತನಾಲ್ಕನೇ ಒಂದು ಪಾಲಿಗೆ ಅವನು ಮಾಡುತ್ತಿದ್ದದ್ದು. ಗಾಜಿನ ಗೂಡು ಮುಷ್ಟಿಯಷ್ಟು ದೊಡ್ಡದು. ಅದನ್ನು ಎಳೆದು, ಸೋಪುನೀರಿನಲ್ಲಿ ತೊಳೆದು, ಒರೆಸಿ, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಒಳಗಿನ ಕೆಲಸ ಪೂರ್ತಿ ಮುಗಿಯುವ ತನಕ ಅದನ್ನು ಈಚೆ ತೆಗೆಯುವ ಮಾತೇ ಇರಲಿಲ್ಲ.

ಈಗ ಗಾಜು ರೆಕ್ಕೆಯ ಮೇಲೆ ಕೂತಿತ್ತು. ಕೂತಿದ್ದಲ್ಲ, ಅಂಟಿತ್ತು. ಅವನು ಬಗ್ಗಿ ನೋಡಿದ. ಎದೆ ಧಸಕ್ಕೆಂದಿತು. ಗಾಜಿನ ಒಳಗೆಲ್ಲಾ ಬೆಳ್ಳಗೆ ಮಂಜು. ಚಳಿಗಾಲದ ಬೆಳಿಗ್ಗೆ ಬಸ್ಸಿನ ಕಿಟಕಿ ಮುಚ್ಚಿಕೊಂಡು ಜನ ಕೂತಾಗ ಗಾಜಿಗೆ ಉಸಿರು ಹತ್ತುತ್ತದಲ್ಲ, ಹಾಗೆ. ಖಾಲಿ ಸೀಟುಗಳಲ್ಲಿ ಯಾರೋ ಕೂತು ಉಸಿರು ಬಿಟ್ಟ ಹಾಗೆ. ಬೆರಳಿನಿಂದ ಹೊರಗಡೆ ಒರೆಸಿದ. ಹೋಗಲಿಲ್ಲ. ಹೋಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದು ಉಸಿರೂ ಅಲ್ಲ, ಮಂಜೂ ಅಲ್ಲ. ಕ್ವಿಕ್ ಗಮ್ಮು. ಕ್ವಿಕ್ ಗಮ್ಮು ಹಾಕಿ ಗಾಜು ಮುಚ್ಚಿಬಿಟ್ಟರೆ ಅದರ ಹೊಗೆ ಒಳಗೇ ಸಿಕ್ಕಿಬಿದ್ದು ಗಾಜಿನ ಒಳಮೈಗೆಲ್ಲಾ ಬಿಳಿಯ ಪೊರೆ ಕಟ್ಟುತ್ತದೆ. ಜನ್ಮಕ್ಕೂ ಬಿಡುವುದಿಲ್ಲ. ವಿಮಾನ ಕಟ್ಟಲು ಹೊರಟ ಪ್ರತಿಯೊಬ್ಬ ಹೊಸಬನೂ ಒಂದು ಸಲ ಈ ತಪ್ಪು ಮಾಡಿ, ಕಣ್ಣೀರು ಹಾಕಿ, ಆಮೇಲೆ ಸಾಯುವ ತನಕ ಗಾಜಿಗೆ ಬಡಗಿಯವರ ಬಿಳಿ ಗೋಂದು ಬಿಟ್ಟು ಬೇರೆ ಮುಟ್ಟುವುದಿಲ್ಲ. ಭಾನುಪ್ರಕಾಶ ಆ ತಪ್ಪು ಮಾಡಿದ್ದು ಇಪ್ಪತ್ತರ ವಯಸ್ಸಿನಲ್ಲಿ. ಈಗ ಇದನ್ನು ಮಾಡಿದವರು ಯಾರು? ಅವನಿಗೆ ಸಿಟ್ಟು ಬರಲಿಲ್ಲ. ಭಯವಾಯಿತು, ಯಾಕೆಂದರೆ ಇದು ಮೊದಲ ಸಲವಲ್ಲ.

ಮೊದಲು ಆದದ್ದು ಸೀಟಿನ ಬೆಲ್ಟು. ತಗಡಿನ ಹಾಳೆಯಿಂದ ಸಣ್ಣ ಪಟ್ಟಿ ಕೊಯ್ದು ನಾಳೆ ಕೂರಿಸೋಣ ಅಂತ ಇಟ್ಟು ಹೋಗಿದ್ದ. ಮಾರನೇ ದಿನ ಬಂದು ನೋಡಿದರೆ ಬೆಲ್ಟುಗಳು ಸೀಟಿನ ಮೇಲೆ ಕೂತಿದ್ದವು, ಈಗಷ್ಟೇ ಯಾರೋ ಬಿಚ್ಚಿಟ್ಟು ಎದ್ದುಹೋದ ಹಾಗೆ ಒಂದರ ತುದಿ ಸೀಟಿನಿಂದ ಇಳಿಬಿದ್ದಿತ್ತು. ಆಮೇಲೆ ಒಳಗಿನ ಮೀಟರುಗಳು. ಸಾಸಿವೆಯಷ್ಟು ಸಣ್ಣ ಡಯಲಿನಲ್ಲಿ ಬಿಳಿ ಮುಳ್ಳು. ಅದನ್ನು ಬರೆದ ಕೈ ಅವನ ಕೈಗಿಂತ ಒಳ್ಳೆಯ ಕೈ. ಹಾಗಂತ ಒಪ್ಪಿಕೊಳ್ಳುವುದಕ್ಕೆ ಅವನಿಗೆ ಹೊಟ್ಟೆ ಉರಿಯಿತು. ಈಚೆಗೆ ಅವನ ಕೈ ಬ್ರಷ್ಷು ಹಿಡಿದರೆ ಸ್ವಲ್ಪ ತಡೆಯುತ್ತಿತ್ತು, ಯೋಚಿಸುತ್ತಿತ್ತು. ಆ ಇನ್ನೊಂದು ಕೈ ಯೋಚಿಸಿರಲಿಲ್ಲ. ಆವತ್ತು ಸ್ಟೂಲಿನ ಮೇಲೆ ಕೂತಾಗ ಅದು ಬೆಚ್ಚಗಿತ್ತು ಅಂತಲೂ ಅವನಿಗೆ ಅನ್ನಿಸಿತ್ತು. ಬಿಸಿಲಿಗಿರಬಹುದು ಅಂದುಕೊಂಡ. ಸ್ಟೂಲಿರುವ ಜಾಗಕ್ಕೆ ಬಿಸಿಲು ಬರುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಹಾಗಾದರೆ ಯಾರಾದರೂ ಇರಲೇಬೇಕು. ಮನುಷ್ಯನಿಗೆ ಭಯವಾದಾಗ ಮೊದಲು ಒಬ್ಬ ಮನುಷ್ಯ ಬೇಕು, ಬೈಯುವುದಕ್ಕೆ. ಅವನಿಗೆ ಸಿಕ್ಕಿದವಳು ಮಲಕವ್ವ.

ಮಲಕವ್ವ, ಅವಳ ಗಂಡ ಯಂಕಪ್ಪ, ಇಬ್ಬರೂ ಯಾದಗಿರಿ ಕಡೆಯವರು, ಹಿತ್ತಲಿನ ಬಾಡಿಗೆ ರೂಮಿನಲ್ಲಿದ್ದರು. ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ವಾರಕ್ಕೊಮ್ಮೆ ಮೇಲಿನ ರೂಮಿನ ಕಸ ಹೊಡೆಯುವುದಕ್ಕೆ ಅವಳ ಕೈಗೆ ಒಂದು ಕೀಲಿ ಕೊಟ್ಟಿದ್ದು ವೇಣಿಯೇ. ಭಾನುಪ್ರಕಾಶ ಮಲಕವ್ವನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದ್ದು ಒಂದು ಭಾನುವಾರ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ವಠಾರದವರೆಲ್ಲಾ ನಿಂತಿದ್ದರು. “ಅಣ್ಣಾರ, ನಾ ಕಸಾ ಹೊಡದ ಬರ್ತೀನಿ ಅಷ್ಟ. ನಿಮ್ಮ ವಿಮಾನ ನಾ ಯಾಕ ಮುಟ್ಟಲ್ರಿ?” ಅಂದಳು ಅವಳು, ಮೊದಲು ನಗುತ್ತಲೇ. “ಕೈ ತೋರಿಸು,” ಅಂದ ಅವನು. ಅವಳಿಗೆ ಅರ್ಥವಾಗಲಿಲ್ಲ. “ಕೈ ತೋರಿಸಮ್ಮ ಅಂದೆ.” ಅವಳು ಎರಡೂ ಅಂಗೈ ಮುಂದೆ ಚಾಚಿದಳು. ಬೆರಳ ತುದಿಗಳಲ್ಲಿ ಬಿಳಿಯ ಪೊರೆ ಒಣಗಿ ಬಿರುಕು ಬಿಟ್ಟಿತ್ತು. “ಇದೇನಿದು? ಗಮ್ಮಲ್ವಾ ಇದು?” ಅಂತ ಅವನು ಕೂಗಿದ್ದು ರಸ್ತೆಗೆಲ್ಲಾ ಕೇಳಿಸಿರಬೇಕು. ಹೊಲಿಗೆ ಬಿಟ್ಟು ಓಡಿಬಂದ ವೇಣಿ, “ರೀ, ಸಿಮೆಂಟು ಕಣ್ರೀ ಅದು! ದಿನಾ ಕಲಸೋರ ಕೈ ಹಂಗೇ ಇರತ್ತೆ,” ಅಂದರೂ ಅವನು ಬಿಡಲಿಲ್ಲ. ಮಲಕವ್ವನ ಬೆರಳನ್ನು ಹಿಡಿದು ಉಗುರಿನಿಂದ ಕೆರೆದು ನೋಡಿದ. ಪುಡಿಪುಡಿಯಾಗಿ ಉದುರಿತು. ಗಮ್ಮಾಗಿದ್ದರೆ ಸಿಪ್ಪೆಯಾಗಿ ಏಳಬೇಕಿತ್ತು. ಅವನಿಗೆ ಆ ಕ್ಷಣವೇ ತಿಳಿದಿತ್ತು, ಆದರೂ ನಾಲಿಗೆ ಹಿಂದೆ ಬರಲಿಲ್ಲ. ಯಂಕಪ್ಪ ಬನಿಯನ್ನಿನಲ್ಲೇ ಈಚೆ ಬಂದು, “ಬಾಡಿಗಿ ಕೊಟ್ಟ ಇದ್ದೀವ್ರಿ ನಾವು. ನಮ್ಮ ಹೆಂಗಸ್ರ ಕೈ ಹಿಡದ ನೋಡಾಕ ನಾವೇನ ಕಳ್ಳರನ್ರಿ?” ಅಂದ. ಆ ವಾರವೇ ಗಂಟುಮೂಟೆ ಕಟ್ಟಿಕೊಂಡು ರೈಲ್ವೆ ಗೇಟಿನ ಆಚೆಗೆ ಹೋದರು. ವೇಣಿ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಅವನು ಹೊಸ ಬೀಗ ತಂದು ಹಾಕಿದ. ಒಂದು ಕೀಲಿಯನ್ನು ಬಾವಿಗೆಸೆದ. ಇನ್ನೊಂದು ಉಡಿದಾರಕ್ಕೆ.

ಹಾಗಾದರೆ ಈ ಗಾಜು? ಬೀಗ ಹೊಸದು, ಕೀಲಿ ಒಂದೇ, ಮಲಕವ್ವ ಈ ಮನೆಯಲ್ಲೇ ಇಲ್ಲ. ಅವನು ಕಿಟಕಿಯ ಕಂಬಿಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದ. ಗಟ್ಟಿಯಾಗಿದ್ದವು. ಮೇಜಿನ ಅಡಿಗೆ ಬಗ್ಗಿ ನೋಡಿದ, ಐವತ್ತಾರು ವರ್ಷದ ಮನುಷ್ಯ, ಮಂಡಿಯೂರಿ, ತನ್ನ ಮೇಜಿನ ಅಡಿಗೆ. ಕಡೆಗೆ ಡ್ರಾಯರಿನಿಂದ ಕಣ್ಣಿಗೆ ಒತ್ತಿಕೊಳ್ಳುವ ಭೂತಗಾಜು ತೆಗೆದ. ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಇದ್ದಷ್ಟು ಕಾಲ ಅದು ಅವನ ಕಣ್ಣಿನ ಒಂದು ಭಾಗವೇ ಆಗಿತ್ತು. ಸಿರಿಂಜಿನ ಅಚ್ಚುಗಳ ಇನ್‌ಸ್ಪೆಕ್ಷನ್ ಅವನ ಕೆಲಸ. ಕೂದಲೆಳೆಯ ಗೀರಿದ್ದರೂ ಭಾನು ಸಾರ್ ಹಿಡೀತಾರೆ ಅನ್ನುವ ಮಾತಿತ್ತು. ಕಡೆಯ ವರ್ಷ ಆ ನರೇಶ ಅನ್ನುವ ಹುಡುಗ ಮ್ಯಾನೇಜರಾಗಿ ಬಂದ. ಒಂದು ಮಧ್ಯಾಹ್ನ ಪಕ್ಕದಲ್ಲಿ ಬಂದು ನಿಂತು, ತಗ್ಗಿದ ದನಿಯಲ್ಲಿ, “ಸಾರ್, ಈ ಟ್ರೇ ಬೆಳಿಗ್ಗೆ ನೋಡಿ ಪಾಸ್ ಮಾಡಿದ್ರಲ್ಲ,” ಅಂದ. ಇವನು, “ಇಲ್ಲಪ್ಪ, ಈಗ ತಾನೆ ತಗೊಂಡೆ,” ಅಂದ. ನರೇಶ ಟ್ರೇ ಮೇಲಿದ್ದ ಇವನದೇ ಸಹಿ ತೋರಿಸಿದ. ಸುತ್ತ ಇದ್ದವರು ತಮ್ಮ ತಮ್ಮ ಕೆಲಸ ನೋಡುವ ಹಾಗೆ ನಟಿಸಿದರು. ಆ ನಟನೆಯೇ ಅವನಿಗೆ ಹೆಚ್ಚು ಉರಿದದ್ದು. “ರೆಸ್ಟ್ ತಗೊಳ್ಳಿ ಸಾರ್, ವಿಆರ್‌ಎಸ್ ಸ್ಕೀಮ್ ಚೆನ್ನಾಗಿದೆ ಈ ಸಲ,” ಅಂತ ಎರಡು ತಿಂಗಳ ಮೇಲೆ ಅದೇ ಹುಡುಗ ಕಾಫಿ ಕೊಡಿಸಿ ಹೇಳಿದ. ಇವನು ಮನೆಗೆ ಬಂದು, ಸಾಕಾಯ್ತು ಕಣೆ, ನಾನೇ ಬಿಟ್ಟೆ, ಅಂದ. ವೇಣಿ ಯಾಕೆ ಅಂತ ಕೇಳಲಿಲ್ಲ. ಕೇಳದೆ ಹೋದದ್ದಕ್ಕೆ ಆವತ್ತು ನೆಮ್ಮದಿ ಆಗಿತ್ತು.

ಭೂತಗಾಜನ್ನು ಕಣ್ಣಿಗೊತ್ತಿ ಬಗ್ಗಿದ. ಮಂಜಿನೊಳಗೆ ಮೊದಲು ಏನೂ ಕಾಣಲಿಲ್ಲ. ಮಾದರಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಗೂಡಿನ ಬಲಗಡೆಯಲ್ಲಿ ಬಿಳುಪು ದಟ್ಟವಾಗಿತ್ತು, ಮತ್ತು ಆ ಬಿಳುಪಿಗೆ ಒಂದು ಆಕಾರವಿತ್ತು. ಗೆರೆಗಳು. ಒಂದರೊಳಗೊಂದು ಸುತ್ತಿಕೊಂಡ ಸಣ್ಣ ಗೆರೆಗಳು. ಗಮ್ಮಿನ ಹೊಗೆ ಎಲ್ಲಕ್ಕಿಂತ ಮೊದಲು ಹೋಗಿ ಕೂರುವುದು ಬೆರಳಿನ ಜಿಡ್ಡಿರುವ ಜಾಗದಲ್ಲೇ. ಯಾರೋ ಗಾಜು ಕೂರಿಸುವಾಗ ಅದರ ಒಳಮೈಗೆ ಹೆಬ್ಬೆರಳು ಒತ್ತಿದ್ದಾರೆ, ಆ ಹೆಬ್ಬೆಟ್ಟು ಅಲ್ಲೇ ಅಚ್ಚಾಗಿ ನಿಂತಿದೆ. ಈಚೆಯಿಂದ ನೋಡಿದರೆ, ಗೂಡಿನ ಒಳಗೆ ಇರುವವನೊಬ್ಬ ಗಾಜಿಗೆ ಹೆಬ್ಬೆರಳು ಒತ್ತಿಕೊಂಡು, ಈಚೆ ಇರುವವನಿಗೆ ತೋರಿಸುತ್ತಿರುವ ಹಾಗಿತ್ತು. ಸಿಕ್ಕಿದೆಯಲ್ಲೋ, ಅಂದುಕೊಂಡ, ಸಿಕ್ಕಿದೆ ನೀನು. ಆ ಗೆರೆಗಳಿಗೆ ಅಡ್ಡಲಾಗಿ, ಉಗುರಿನ ಕಡೆಯಿಂದ ಕೆಳಕ್ಕೆ, ಒಂದು ಓರೆಯಾದ ಖಾಲಿ ಪಟ್ಟೆಯಿತ್ತು. ಅಲ್ಲಿ ಗೆರೆ ಇಲ್ಲ. ಕೊಯ್ದ ಗಾಯ.

ಅವನು ಭೂತಗಾಜನ್ನು ತೆಗೆಯಲಿಲ್ಲ. ಹಾಗೇ, ಅದೇ ಕಣ್ಣಿನಿಂದ, ತನ್ನ ಬಲಗೈ ಹೆಬ್ಬೆರಳನ್ನು ತಂದು ಗಾಜಿನ ಪಕ್ಕಕ್ಕೆ ಹಿಡಿದ. ಸೋಮವಾರ ತೆಂಗಿನಕಾಯಿ ಸುಲಿಯುವಾಗ ಮಚ್ಚು ಜಾರಿ ಕೊಯ್ದ ಗಾಯ. ವೇಣಿ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದಳು. ಈಗ ಹೆಪ್ಪು ಕಟ್ಟಿ ಕಪ್ಪು ಗೆರೆಯಾಗಿತ್ತು. ಅದೇ ಓರೆ. ಅದೇ ಉದ್ದ. ಸುಳಿ ಕೂಡ ಅದೇ, ನಡುವೆ ಸ್ವಲ್ಪ ಎಡಕ್ಕೆ ವಾಲಿದ ಸುಳಿ. ಗಾಜನ್ನು ತೊಳೆದು ಒರೆಸಿ ಇಟ್ಟದ್ದು ಅದಕ್ಕಿಂತ ಎಷ್ಟೋ ಮುಂಚೆ. ಕೈ ಕೊಯ್ದುಕೊಂಡ ಮೇಲೆ ಈ ರೂಮಿಗೆ ಬಂದೇ ಇಲ್ಲವಲ್ಲ ಅಂತ ಅವನು ಗಟ್ಟಿಯಾಗಿ ಹೇಳಿದ, ಖಾಲಿ ರೂಮಿಗೆ. ಹೇಳಿದ್ದು ಅವನಿಗೇ ಸುಳ್ಳಾಗಿ ಕೇಳಿಸಿತು. ಬೆಲ್ಟು, ಮೀಟರಿನ ಮುಳ್ಳು, ಬೆಚ್ಚಗಿನ ಸ್ಟೂಲು, ಟ್ರೇ ಮೇಲಿನ ಸಹಿ, ಎಲ್ಲಾ ಒಟ್ಟಿಗೆ ಬಂದು ಎದುರು ನಿಂತವು. ಅಯ್ಯೋ ದೇವರೇ. ಯಾರೂ ಬಂದಿಲ್ಲ. ಯಾರೂ ಬರುತ್ತಿರಲಿಲ್ಲ. ಬರುತ್ತಿದ್ದವನು ನಾನೇ.

ಅಪ್ಪನ ಮುಖ ಕಣ್ಣ ಮುಂದೆ ಬಂತು. ಅಪ್ಪ ದೊಡ್ಡಮುನಿಯಪ್ಪ ಕಡೆಗಾಲದಲ್ಲಿ ಬೆಳಿಗ್ಗೆ ಎದ್ದು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು, ಎಂದೋ ಮಾರಿದ ರಾಗಿಹೊಲಕ್ಕೆ ಹೊರಟುಬಿಡುತ್ತಿದ್ದ. ಅಲ್ಲಿ ಈಗ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ಗೇಟಿನಲ್ಲಿ ಸೆಕ್ಯುರಿಟಿಯವನಿಗೆ, “ಯಾರ್ಲಾ ನೀನು? ನನ್ ವಲಕ್ಕೆ ನನ್ನೇ ಬಿಡಾಕಿಲ್ವಾ?” ಅಂತ ಜೋರು ಮಾಡುತ್ತಿದ್ದ. ಫೋನು ಬರುತ್ತಿತ್ತು. ಭಾನುಪ್ರಕಾಶ ಶಿಫ್ಟಿನ ಮಧ್ಯೆ ಬೈಕಿನಲ್ಲಿ ಓಡಿಬಂದು, ಬಾಲ್ಕನಿಗಳಿಂದ ನೋಡಿ ನಗುತ್ತಿದ್ದ ಜನರ ಎದುರೇ ಅಪ್ಪನ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದ. ಮೊದಮೊದಲು ಸಮಾಧಾನ ಹೇಳುತ್ತಿದ್ದವನು ಆಮೇಲೆ ಬೈದ. ಆಮೇಲೆ ಈ ಮೇಲಿನ ರೂಮಿಗೆ ಹೊರಗಿನಿಂದ ಅಗುಳಿ ಹಾಕಿಸಿದ. ಊಟದ ತಟ್ಟೆ ಇಡುವಾಗ, ತೆಗೆಯುವಾಗ ಮಾತ್ರ ಬಾಗಿಲು. ಅಪ್ಪ ಒಳಗಿನಿಂದ ಬಡಿಯುತ್ತಿದ್ದ, “ಭಾನೂ, ನೀರ್ ಕಟ್ಬೇಕು ಕಣ್ಲಾ, ಒಣಗೋಯ್ತದೆ,” ಅನ್ನುತ್ತಿದ್ದ. ಅವನ ಒಳ್ಳೆಯದಕ್ಕೇ ಅಂತ ಎಲ್ಲರೂ ಅಂದರು. ವೇಣಿ ಮಾತ್ರ ಏನೂ ಅನ್ನಲಿಲ್ಲ, ಊಟ ಇಡುವುದಕ್ಕೆ ಅವಳೇ ಹೋಗುತ್ತಿದ್ದಳು. ಈಗ ಅವಳಿಗೆ ತಿಳಿದರೆ? ಅವಳ ಕಣ್ಣು ಆಗಿನ ತನ್ನ ಕಣ್ಣಿನ ಹಾಗೆಯೇ ಆಗುತ್ತದೆ, ಮೊದಲು ಕನಿಕರ, ಆಮೇಲೆ ಬೇಸರ, ಆಮೇಲೆ ಬೀಗ. ತಿಳಿಯಬಾರದು. ಸಾಯುವ ತನಕ ಅವಳಿಗೆ ತಿಳಿಯಬಾರದು. ಆದರೆ ಆ ಹೆಂಗಸು, ಸಿಮೆಂಟು ಮೆತ್ತಿದ ಎರಡು ಕೈ ಚಾಚಿಕೊಂಡು ನಲ್ಲಿಯ ಹತ್ತಿರ ನಿಂತವಳು, ಅವಳಿಗಾದರೂ ಹೇಳಬೇಕು. ನೆನಪಿರುವಾಗಲೇ ಹೇಳಬೇಕು.

“ಎಲ್ಲಿಗೆ ಹೊರಟ್ರಿ ಬಿಸಿಲಲ್ಲಿ?” ಅಂತ ವೇಣಿ ಕೇಳಿದಳು. “ಇಲ್ಲೇ, ಮೆಟ್ರೋ ಹತ್ರ. ಸ್ಯಾಂಡ್‌ಪೇಪರ್ ತಗೊಂಡು ಬರ್ತೀನಿ,” ಅಂದ. ಅವಳು ಸೂಜಿಯಿಂದ ಕಣ್ಣೆತ್ತಿ ಅವನನ್ನು ನೋಡಿ, ರವಿಕೆಯನ್ನು ಪಕ್ಕಕ್ಕೆ ಸರಿಸಿದಳು. ಮಾರ್ಕೆಟ್ಟಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡ. ಬರಿಗೈಯಲ್ಲಿ ತಪ್ಪೊಪ್ಪಿಕೊಳ್ಳುವುದು ಹೇಗೆ? ರೈಲ್ವೆ ಗೇಟು ದಾಟಿ ಆಚೆ ಬಂದಾಗ ಮಧ್ಯಾಹ್ನದ ಬಿಸಿಲು ಜೆಲ್ಲಿಕಲ್ಲಿನ ಮೇಲೆ ಕುಣಿಯುತ್ತಿತ್ತು. ಅವರ ಮನೆ ಅವನು ನೋಡಿರಲಿಲ್ಲ. ಗೇಟಿನ ಆಚೆ ಯಾವುದೋ ಶೀಟಿನ ಮನೆ ಸಾಲಂತೆ ಅಂತ ವಠಾರದವರು ಹೇಳಿದ್ದಷ್ಟೇ. ಯಾರನ್ನಾದರೂ ಕೇಳೋಣ ಅಂತ ಚಹದಂಗಡಿಯ ಕಡೆ ನೋಡುತ್ತಾ ನಡೆದವನು ನೀರಿನ ಟ್ಯಾಂಕರು ನಿಂತಿದ್ದ ಸಂದಿಗೆ ತಿರುಗಿಬಿಟ್ಟಿದ್ದ. ಯಾಕೆ ತಿರುಗಿದೆ ಅಂತ ನಿಂತ. ಕಾಲು ತಾನಾಗಿ ಮುಂದೆ ಹೋಯಿತು. ಕೊಚ್ಚೆಯ ಮೇಲೆ ಹಾಕಿದ್ದ ಚಪ್ಪಡಿ ಅಲುಗಾಡುತ್ತದೆ ಅಂತ ಕಾಲಿಡುವ ಮುಂಚೆಯೇ ಅವನಿಗೆ ಗೊತ್ತಿತ್ತು, ಅದು ಅಲುಗಾಡಿತು. ಸಾಲಿನ ಕೊನೆಯಲ್ಲಿ ಮಲಗಿದ್ದ ಕಂದು ನಾಯಿ ತಲೆಯೆತ್ತಿ ನೋಡಿ, ಬೊಗಳದೆ, ಬಾಲ ಒಂದು ಸಲ ಆಡಿಸಿ ಮತ್ತೆ ಮಲಗಿತು. ಹೊಸಬರನ್ನು ಕಂಡು ಬೊಗಳದ ನಾಯಿ. ನೀಲಿ ಬಾಗಿಲು ತಟ್ಟುವ ಹೊತ್ತಿಗೆ ಅದು ಯಾರ ಮನೆ ಅನ್ನುವ ಅನುಮಾನವೇ ಅವನಿಗೆ ಉಳಿದಿರಲಿಲ್ಲ.

ಬಾಗಿಲು ತೆಗೆದವಳು ಮಲಕವ್ವನೇ. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. “ಬರ್ರಿ ಅಣ್ಣಾರ, ಒಳಗ ಬರ್ರಿ, ಬಿಸಲೈತಿ,” ಅಂತ ಒಂದು ಪ್ಲಾಸ್ಟಿಕ್ ಕುರ್ಚಿ ಸರಿಸಿದಳು. ಅವನು ಕೂರಲಿಲ್ಲ.

“ಮಲಕವ್ವ, ತಪ್ಪಾಯ್ತಮ್ಮ. ಎಲ್ಲರ ಮುಂದೆ ನಿನ್ನ ಕೈ ಹಿಡಿದು ನೋಡಿದೆ. ನೀನಲ್ಲ. ಅದು ನಾನೇ. ನಾನೇ ಮಾಡಿ ನಾನೇ ಮರೀತಿದೀನಿ.” ಹೇಳುತ್ತಾ ಹೇಳುತ್ತಾ ಕಣ್ಣಿನಲ್ಲಿ ನೀರು ಬಂದುಬಿಟ್ಟಿತು. ಇಷ್ಟು ವಯಸ್ಸಾದವನು, ಹೆರವರ ಮನೆಯಲ್ಲಿ, ಛೇ, ಅಂತ ನಾಚಿಕೆಯೂ ಆಯಿತು.

“ಆತ್ರಿ ಅಣ್ಣಾರ, ಹೋಗ್ಲಿ ಬಿಡ್ರಿ. ನಾ ಮನಸನ್ಯಾಗ ಏನೂ ಇಟ್ಕೊಂಡಿಲ್ಲ. ಕುಂದರ್ರಿ ಮೊದಲ, ಚಾ ಮಾಡ್ತೀನಿ,” ಅಂದಳು ಅವಳು. ತುಂಬ ಸಲೀಸಾಗಿ ಅಂದಳು. ಅವನು ಹಣ್ಣು ಕೊಡಲು ಕೈ ಚಾಚಿದ. ಅವಳು ಅದನ್ನು ತೆಗೆದುಕೊಂಡು ಇಡುವುದಕ್ಕೆ ಜಾಗ ಹುಡುಕಿದಳು, ಅಲ್ಲಿ ಆಗಲೇ ಇದ್ದದ್ದನ್ನು ಅವನಿಗೆ ಕಾಣಿಸದ ಹಾಗೆ ಸೆರಗಿನಲ್ಲಿ ಮರೆ ಮಾಡಲು ನೋಡಿದಳು. ಆದರೆ ಅವನಿಗೆ ಕಾಣಿಸಿತು. ಸ್ಟವ್ವಿನ ಪಕ್ಕದ ಕಟ್ಟೆಯ ಮೇಲೆ ಎರಡು ಚಿಪ್ಪು ಬಾಳೆಹಣ್ಣು. ಒಂದಕ್ಕೆ ಆಗಲೇ ಕಪ್ಪು ಚುಕ್ಕೆ ಹತ್ತಿತ್ತು.

“ಅವು ಯಾರು ತಂದದ್ದು?”

ಅವಳು ಸ್ಟವ್ವಿನ ಕಡೆ ತಿರುಗಿಕೊಂಡಳು.

“ಮಲಕವ್ವ. ಯಾರು ತಂದದ್ದು?”

“ನೀವರಿ,” ಅಂದಳು ಕಡೆಗೆ, ತಿರುಗದೆ. “ಮೊನ್ನಿ ಬಂದಿದ್ರಿ. ಅವತ್ತ ನಮ್ಮ ಮನಿಯಾಂವ ಒಳಗ ಬಿಡಲಿಲ್ಲ, ಬಾಗಲದಾಗ ನಿಂತ ಅತ್ರಿ. ನಿನ್ನಿನೂ ಬಂದ್ರಿ. ಅಂವನ ಕರದು ಕುಂದರಿಸಿದ, ಚಾ ಕುಡದ್ರಿ. ನಿಮಗ ಬ್ಯಾರೆ ಹೇಳಿ ಯಾಕ ನೋಯ್ಸೂದಂತ ಸುಮ್ಮಕಿದ್ದೆ ಅಣ್ಣಾರ.”

ಅವನು ಕುರ್ಚಿಯಲ್ಲಿ ಕೂತ. ಕೂತದ್ದು ಅವನಿಗೆ ತಿಳಿಯಲಿಲ್ಲ. ಹೊರಗೆ ಗೂಡ್ಸ್ ರೈಲೊಂದು ಹೋಯಿತು, ತಗಡಿನ ಮಾಡು ನಡುಗಿತು. ಮೊನ್ನೆಯೂ ಆ ಹೆಬ್ಬೆಟ್ಟು ಕಂಡಿದ್ದೆ. ನಿನ್ನೆಯೂ ಕಂಡಿದ್ದೆ. ಇವತ್ತು ಎದೆ ಧಸಕ್ಕೆಂದದ್ದು, ಅಯ್ಯೋ ದೇವರೇ ಅಂದದ್ದು, ಎಲ್ಲಾ ಆಗಲೇ ಆಗಿ ಹೋದದ್ದು. ಎಷ್ಟು ಸಲ ಹೆದರಿದ್ದೀನೋ, ಯಾರಿಗೆ ಗೊತ್ತು? ಅವನಿಗೆ ಹೇಳಲು ಒಂದೇ ಒಂದು ಮಾತು ಉಳಿದಿತ್ತು. ಅದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದಕ್ಕೆ ಮೊದಲು ಕೇಳಿದ:

“ನಿನ್ನೆ ನಾನು ಏನಂದೆ?”

“ವೇಣಿ ಅಕ್ಕಾರ ಮುಂದ ಹೇಳಬ್ಯಾಡ ಅಂದ್ರಿ. ಅಪ್ಪನ್ನ ಇಟ್ಟಂಗ ನನ್ನ ಇಡತಾರ ಅಂದ್ರಿ. ನಾ ಹೇಳಿಲ್ಲ.”

ನಾಲಿಗೆಯ ತುದಿಯಲ್ಲಿದ್ದದ್ದು ಅದೇ ಮಾತು. ಅಕ್ಷರ ಅಕ್ಷರ ಅದೇ. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಷ್ಟು ಹೀನಾಯವಾಗಿತ್ತು ಅಂದರೆ ಅವನಿಗೆ ಅದನ್ನು ಇವತ್ತು ಮತ್ತೆ ಹೇಳುವುದಕ್ಕಾಗಲಿಲ್ಲ. ನಾಳೆಯೂ ಬರುತ್ತೀನಿ, ಇನ್ನೊಂದು ಚಿಪ್ಪು ತರುತ್ತೀನಿ, ಇವಳು ನಾಳೆಯೂ ಕ್ಷಮಿಸುತ್ತಾಳೆ. ಒಂದು ದಿನ ದಾರಿ ತಪ್ಪುತ್ತದೆ, ಈ ರೈಲ್ವೆ ಹಳಿಯ ಮೇಲೆಯೇ ತಪ್ಪುತ್ತದೆ.

“ಫೋನ್ ಮಾಡಮ್ಮ,” ಅಂದ. “ವೇಣಿಗೆ ಫೋನ್ ಮಾಡು. ಈಗಲ್ದೇ ಹೋದ್ರೆ ಇಲ್ಲ.”

ಮಲಕವ್ವ ಅನುಮಾನದಿಂದ ನೋಡಿದಳು. “ನಿನ್ನಿನೂ ಹಿಂಗ ಅಂದ್ರಿ. ನಾ ನಂಬರ್ ಒತ್ತೂದ್ರಾಗ ಫೋನ್ ಕಸಗೊಂಡ್ರಿ. ಕೈ ಭಾಳ ಜೋರೈತ್ರಿ ನಿಮ್ದು.” ಅವಳು ತನ್ನ ಮಣಿಕಟ್ಟನ್ನು ತೋರಿಸಲಿಲ್ಲ, ಆದರೆ ಇನ್ನೊಂದು ಕೈಯಿಂದ ಅದನ್ನು ಮುಚ್ಚಿಕೊಂಡದ್ದು ಅವನಿಗೆ ಕಾಣಿಸಿತು.

ಅವನು ತನ್ನ ಎರಡು ಕೈಗಳನ್ನು ನೋಡಿದ. ಮೀಟರಿನ ಮುಳ್ಳು ಬರೆದ ಕೈ, ಗಾಜು ಕೆಡಿಸಿದ ಕೈ, ಹೆಂಗಸಿನ ಮಣಿಕಟ್ಟು ಹಿಡಿದು ತಿರುವಿದ ಕೈ. ಯಾವುದೂ ಅವನನ್ನು ಕೇಳಿ ಮಾಡಿರಲಿಲ್ಲ. ಎರಡನ್ನೂ ತೊಡೆಯ ಅಡಿಗೆ ಹಾಕಿಕೊಂಡು, ಮೈಯ ಭಾರವೆಲ್ಲಾ ಅವುಗಳ ಮೇಲೆ ಬಿಟ್ಟು ಕೂತ. “ಈಗ ಮಾಡು,” ಅಂದ. “ದೂರ ನಿಂತ್ಕೊಂಡು ಮಾಡು.”

ಅವಳು ಬಾಗಿಲ ಹತ್ತಿರ ಹೋಗಿ ನಂಬರು ಒತ್ತಿ, ಅವನಿಗೂ ಕೇಳಿಸಲಿ ಅಂತ ಸ್ಪೀಕರಿಗೆ ಹಾಕಿದಳು. ರಿಂಗಾಯಿತು. ಬೇಡ ಅನ್ನು, ಈಗಲೂ ಬೇಡ ಅನ್ನಬಹುದು ಅಂತ ಒಳಗೆ ಯಾರೋ ಬಡಿಯುತ್ತಿದ್ದರು. ತೊಡೆಯಡಿಯ ಬೆರಳುಗಳು ಎದ್ದು ಬರಲು ಒದ್ದಾಡಿದವು. ಅವನು ಹಲ್ಲು ಕಚ್ಚಿ ಇನ್ನೂ ಬಿಗಿಯಾಗಿ ಕೂತ. ಇನ್ನೊಂದು ಸಲ ರಿಂಗಾಗಿ ಫೋನು ಎತ್ತಿದ ಸದ್ದು ಬಂತು, ಹಿಂದೆ ಹೊಲಿಗೆ ಮೆಷೀನು ನಿಂತ ಸದ್ದು.

“ಹೇಳು ಮಲಕವ್ವ,” ಅಂದಳು ವೇಣಿ. “ಇವತ್ತೂ ಅಲ್ಲಿಗೇ ಬಂದ್ರಾ?”

ಅವನು ಮಲಕವ್ವನ ಮುಖ ನೋಡಿದ. ನಾ ಹೇಳಿಲ್ರಿ ಅನ್ನುವ ಹಾಗೆ ಅವಳು ಗಾಬರಿಯಿಂದ ತಲೆಯಾಡಿಸಿದಳು. ಅವಳಿಗೂ ಇದು ಹೊಸದಾಗಿತ್ತು. “ಗೇಟ್ ತನಕ ನಾನೂ ಹಿಂದೇನೇ ಬರ್ತೀನಲ್ಲ ದಿನಾ,” ಅಂತ ವೇಣಿ ಹೇಳುತ್ತಿದ್ದಳು, ದನಿ ಒಂದು ಚೂರೂ ಏರಿಸದೆ, “ಹಳಿ ದಾಟೋದು ನೋಡ್ಕೊಂಡು ವಾಪಸ್ ಬರ್ತೀನಿ. ಅವರಾಗಿ ಹೇಳ್ಲಿ ಅಂತ ಕಾಯ್ತಿದೀನಿ ಕಣಮ್ಮ. ಫ್ಯಾಕ್ಟರಿಯಿಂದ ಫೋನ್ ಬಂದಾಗಿಂದ ಕಾಯ್ತಿದೀನಿ.”

ಅವನ ಕೈಗಳು ಸುಮ್ಮನಾದವು. ಜೋಮು ಹಿಡಿದು ಅವು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

“ವೇಣಿ,” ಅಂದ. ದನಿ ತನ್ನದೋ ಅಂತ ಒಂದು ಗಳಿಗೆ ಅನುಮಾನವಾಯಿತು. “ನಾನು ಕಣೆ.”

“ಗೊತ್ತು ಕಣ್ರೀ,” ಅಂದಳು ಅವಳು. ಆ ಕಡೆ ಸ್ಟೂಲು ಸರಿದ ಸದ್ದು ಬಂತು. “ಅಲ್ಲೇ ಕೂತಿರಿ. ಬರ್ತಾ ಇದೀನಿ. ಎಲ್ಲೂ ಹೋಗ್ಬೇಡಿ.”